ಏಳು ಅಂಕದ ಆಮ್ಲೆಟ್ಟು

ಆ ಹುಡುಗ ಅರ್ಲೀನಳನ್ನು ಹೊಗಳಿದ್ದು ಮೂರೇ ಸಲ. ಮೂರನೆಯ ಸಲಕ್ಕೆ ಅವಳ ಕೆಲಸಕ್ಕೆ ಕುತ್ತು ಬಂತು.

ನಡೆದದ್ದನ್ನು ನಡೆದ ಹಾಗೆ ನಾನು ಹೇಳಬಲ್ಲೆ, ಏಕೆಂದರೆ ನಾನು ಬಾಗಿಲಲ್ಲೇ ಕೂತವನು. ಅಮೆರಿಕದ ಈ ನಮ್ಮ ಕಾಲೇಜಿನ ಮೆಸ್ಸಿನ ಬಾಗಿಲಲ್ಲಿ ಒಂದು ಎತ್ತರದ ಸ್ಟೂಲಿದೆ. ಅದರ ಮೇಲೆ ಹತ್ತೊಂಬತ್ತು ವರ್ಷಗಳಿಂದ ನಾನಿದ್ದೇನೆ. ಹೆಸರು ವರ್ನ್. ಮಕ್ಕಳ ಕಾರ್ಡು ಇಸಿದುಕೊಂಡು ಯಂತ್ರಕ್ಕೆ ಉಜ್ಜಿ ವಾಪಸು ಕೊಡುವುದು ನನ್ನ ಉದ್ಯೋಗ. ಲೋಕದಲ್ಲಿ ಇದಕ್ಕಿಂತ ಜವಾಬ್ದಾರಿಯ ಕೆಲಸಗಳಿವೆ ಎಂದು ಕೇಳಿದ್ದೇನೆ. ಆದರೆ ಯಾರು ಹಸಿದು ಒಳಗೆ ಹೋದರು, ಯಾರು ಹಸಿದೇ ಹೊರಗೆ ಬಂದರು ಎನ್ನುವುದು ಕಾಲೇಜಿನ ಅಧ್ಯಕ್ಷರಿಗಿಂತ ನನಗೆ ಚೆನ್ನಾಗಿ ಗೊತ್ತು.

ಹೊರಗೆ ಹೋಗುವ ದಾರಿಯಲ್ಲಿ, ನನ್ನ ಮೊಣಕೈಯ ಪಕ್ಕಕ್ಕೆ, ಒಂದು ಕಂಬಕ್ಕೆ ಟ್ಯಾಬ್ ಸಿಕ್ಕಿಸಿದ್ದಾರೆ. ಮೆಸ್ ನಡೆಸುವ ಗುತ್ತಿಗೆ ಕಂಪನಿಯವರು ತಂದು ನಿಲ್ಲಿಸಿದ್ದು. ‘ಇವತ್ತು ನಿಮಗೆ ಬಡಿಸಿದವರು ಯಾರು? ಹೇಗಿತ್ತು?’ ಎಂದು ಅದು ಕೇಳುತ್ತದೆ. ಕೆಳಗೆ ಒಂದರಿಂದ ಹತ್ತರವರೆಗೆ ಗುಂಡಿಗಳು. ನಮ್ಮ ಮಕ್ಕಳು ಹತ್ತು ಒತ್ತಿ ಹೋಗುತ್ತಾರೆ. ಒತ್ತುತ್ತಾರೆ ಎನ್ನುವುದೂ ಹೆಚ್ಚಾಯಿತು, ನಡೆಯುತ್ತಲೇ ತಗುಲಿಸುತ್ತಾರೆ. ಫುಟ್‌ಬಾಲ್ ಹುಡುಗರು ಹಣೆಯಿಂದ ಒತ್ತುತ್ತಾರೆ. ಫೋನಿನಲ್ಲಿ ಯಾರೊಂದಿಗೋ ಜಗಳವಾಡಿ ಅಳುತ್ತಿದ್ದ ಒಬ್ಬ ಹುಡುಗಿ, ಕಣ್ಣೊರೆಸಿಕೊಂಡ ಬೆರಳಿನಿಂದಲೇ ಹತ್ತು ಒತ್ತಿದ್ದನ್ನು ನಾನು ನೋಡಿದ್ದೇನೆ. ಅವಳು ಅಂದು ಏನೂ ತಿಂದಿರಲಿಲ್ಲ.

ತಿಬೋ ಒಬ್ಬ ಮಾತ್ರ ಅದರ ಎದುರು ನಿಲ್ಲುತ್ತಿದ್ದ. ಕೈ ಹಿಂದೆ ಕಟ್ಟಿಕೊಂಡು, ತಲೆ ತುಸು ವಾಲಿಸಿ, ಚರ್ಚಿನಲ್ಲಿ ನಿಂತಂತೆ ನಾಲ್ಕು ನಿಮಿಷ. ಹಿಂದೆ ಸಾಲು ಬೆಳೆಯುತ್ತಿತ್ತು. ಆಮೇಲೆ ಒಂದು ಗುಂಡಿ ಒತ್ತಿ, ಕೆಳಗಿನ ಖಾಲಿ ಜಾಗದಲ್ಲಿ ಏನೋ ಬರೆದು, ತನ್ನ ಪೂರ್ತಿ ಹೆಸರು ಹಾಕಿ ಹೋಗುತ್ತಿದ್ದ. ತಿಬೋ ಗಾರಿಗ್, ಫ್ರಾನ್ಸಿನ ಲಿಮೋಜ್ ಊರಿನವನು, ಒಂದು ವರ್ಷದ ಮಟ್ಟಿಗೆ ನಮ್ಮಲ್ಲಿ ಓದಲು ಬಂದಿದ್ದ ಹುಡುಗ. ಹೆಸರು ಹಾಕುವುದು ಕಡ್ಡಾಯವಲ್ಲ ಎಂದು ನಾನು ಒಮ್ಮೆ ಹೇಳಿದೆ. ಹೆಸರಿಲ್ಲದೆ ಅಭಿಪ್ರಾಯ ಹೇಳುವುದು ತಮ್ಮ ಮನೆಯಲ್ಲಿ ಅವಮಾನ ಎಂದ.

ಅವನ ಸಂಕಟ ನನಗೆ ಅರ್ಥವಾಗುತ್ತಿತ್ತು. ಆಗಸ್ಟಿನಲ್ಲಿ ಬಂದಾಗ ಗುಂಡು ಮುಖವಿತ್ತು. ಅಕ್ಟೋಬರಿನ ಹೊತ್ತಿಗೆ ಮೂಗು ಮಾತ್ರ ಉಳಿದಿತ್ತು. ಸಂಜೆ ಐದಕ್ಕೆ ರಾತ್ರಿಯೂಟ ಎಂದಾಗ ತಮಾಷೆ ಎಂದುಕೊಂಡು ಎಂಟಕ್ಕೆ ಬಂದ; ಬಾಗಿಲು ಹಾಕಿತ್ತು. ಕಿತ್ತಳೆ ಬಣ್ಣದ ಚೀಸನ್ನು ಬೆಳಕಿಗೆ ಹಿಡಿದು ನೋಡಿದ. ಬ್ರೆಡ್ಡನ್ನು ಬೆರಳಿನಿಂದ ಅದುಮಿ, ಅದು ಮೆಲ್ಲಗೆ ಮತ್ತೆ ಉಬ್ಬುವುದನ್ನು ಡಾಕ್ಟರು ಬಾವು ನೋಡಿದ ಹಾಗೆ ನೋಡಿದ. ಪಿಜ್ಜಾವನ್ನು ಚಾಕುವಿನಿಂದ ಕೊಯ್ದು ತಿಂದ. ಎಲ್ಲಕ್ಕಿಂತ ಹೆಚ್ಚಾಗಿ ಅವನನ್ನು ಕಂಗೆಡಿಸಿದ್ದು, ಟೇಬಲ್ಲಿಗೆ ಕೂತವರು ಹನ್ನೊಂದು ನಿಮಿಷಕ್ಕೆ ಎದ್ದು ಹೋಗುತ್ತಿದ್ದದ್ದು. ಅವನು ಎಲ್ಲರೂ ಬರಲಿ ಎಂದು ಕಾಯುತ್ತಿದ್ದ. ಇವನು ತಿನ್ನಲು ಶುರು ಮಾಡುವ ಹೊತ್ತಿಗೆ ಟೇಬಲ್ ಖಾಲಿ.

ಅವನಿಗೆ ಉಳಿದಿದ್ದ ಒಂದೇ ಆಸರೆ ಬೆಳಗಿನ ಮೊಟ್ಟೆ ಕೌಂಟರು. ಅಲ್ಲಿ ಅರ್ಲೀನ್ ಇದ್ದಳು. ಅರವತ್ತೊಂದು ವಯಸ್ಸು, ಗಟ್ಟಿ ತೋಳು, ಇಪ್ಪತ್ತೆರಡು ವರ್ಷಗಳಿಂದ ಅದೇ ಕಾವಲಿಯ ಹಿಂದೆ. ಮಕ್ಕಳ ಹೆಸರು ಅವಳಿಗೆ ನೆನಪಿರುವುದಿಲ್ಲ, ಅವರ ಮೊಟ್ಟೆ ನೆನಪಿರುತ್ತದೆ. ಪದವಿ ಮುಗಿಸಿ ಹತ್ತು ವರ್ಷದ ಮೇಲೆ ಹೆಂಡತಿಯನ್ನು ಕರೆದುಕೊಂಡು ಬಂದವನಿಗೂ ಅವಳು ಮೊದಲು ಹೇಳುವುದು, ‘ಅಣಬೆ, ಎರಡು ಪಟ್ಟು ಈರುಳ್ಳಿ, ಮೆಣಸಿನಕಾಯಿ ಬೇಡ’ ಎಂದು. ಎಲ್ಲರನ್ನೂ ‘ಮರಿ’ ಎನ್ನುತ್ತಾಳೆ. ತಿಬೋನನ್ನೂ ಮರಿ ಎಂದಳು. ಮನೆ ಬಿಟ್ಟು ಬಂದ ಎರಡು ತಿಂಗಳಲ್ಲಿ ಅವನನ್ನು ಹಾಗೆ ಕರೆದವರು ಬೇರೆ ಯಾರೂ ಇರಲಿಲ್ಲ.

ಆದ್ದರಿಂದ ಅವನು ಅರ್ಲೀನಳಿಗೆ ಅಂಕ ಕೊಟ್ಟ. ಬ್ರೆಡ್ಡಿಗೆ ಎರಡು ಕೊಟ್ಟಿದ್ದ, ಕಾಫಿಗೆ ಒಂದು. ಅವನ್ನು ಯಾರೂ ಕೇಳಲಿಲ್ಲ, ಏಕೆಂದರೆ ಬ್ರೆಡ್ಡಿಗೂ ಕಾಫಿ ಯಂತ್ರಕ್ಕೂ ಎದೆಯ ಮೇಲೆ ಹೆಸರಿನ ಪಟ್ಟಿ ಇರುವುದಿಲ್ಲ. ಅರ್ಲೀನಳಿಗೆ ಮೊದಲ ಸಲ ಆರು ಕೊಟ್ಟ. ಮುಂದಿನ ವಾರ ಏಳು. ಅದರ ಮುಂದಿನ ವಾರ ಮತ್ತೆ ಏಳು ಕೊಟ್ಟು, ಕೆಳಗೆ ‘ಪರವಾಗಿಲ್ಲ. ನಿಜಕ್ಕೂ ಪರವಾಗಿಲ್ಲ’ ಎಂದು ಬರೆದ. ನನ್ನ ಕಡೆ ತಿರುಗಿ ನಕ್ಕ. ಅವನ ಮುಖದಲ್ಲಿ, ಯಾರಿಗೋ ಗುಟ್ಟಾಗಿ ಉಡುಗೊರೆ ಇಟ್ಟು ಬಂದವನ ಸಂಭ್ರಮವಿತ್ತು.

ನವೆಂಬರಿನ ಒಂದು ಸೋಮವಾರ, ಕೌಂಟರು ಮುಚ್ಚುವ ಹೊತ್ತಿಗೆ ಮ್ಯಾನೇಜರ್ ಟ್ರಾಯ್ ಹಾಲ್ವರ್ಸನ್ ಒಂದು ಕಾಗದ ಹಿಡಿದು ಬಂದ. ಟ್ರಾಯ್ ಒಳ್ಳೆಯವನು. ಎಷ್ಟು ಒಳ್ಳೆಯವನೆಂದರೆ ಕೆಟ್ಟ ಸುದ್ದಿಯನ್ನು ಅವನ ಬಾಯಿಂದ ಹೊರಡಿಸಲು ಇಕ್ಕಳ ಬೇಕು. ಅರ್ಲೀನಳ ಸಮಯಪಾಲನೆಯನ್ನು ಹೊಗಳಿದ. ಕಾವಲಿಯ ಹೊಳಪನ್ನು ಹೊಗಳಿದ. ನಡುವೆ ಏನೋ ಗೊಣಗಿದ. ಆಮೇಲೆ ಅವಳ ನಗುವನ್ನು ಹೊಗಳಿದ.

“ಟ್ರಾಯ್,” ಎಂದಳು ಅರ್ಲೀನ್, “ಮೇಲಿನ ಬ್ರೆಡ್ಡು ತೆಗಿ, ಕೆಳಗಿನ ಬ್ರೆಡ್ಡು ತೆಗಿ. ಮಧ್ಯ ಇರೋದನ್ನ ಹೇಳು.”

ಮಧ್ಯ ಇದ್ದದ್ದು ಇದು: ಕಂಪನಿಯ ಲೆಕ್ಕದಲ್ಲಿ ಒಂಬತ್ತು ಅಥವಾ ಹತ್ತು ಕೊಟ್ಟವನು ಸಂತುಷ್ಟ ಅತಿಥಿ. ಎಂಟು ಮತ್ತು ಅದಕ್ಕೆ ಕೆಳಗೆ ಕೊಟ್ಟವನು ನೊಂದ ಅತಿಥಿ. ಒಬ್ಬ ನೌಕರಳ ಹೆಸರಿನಲ್ಲಿ ಒಂದೇ ತಿಂಗಳಲ್ಲಿ ಮೂವರು ನೊಂದರೆ, ಅಥವಾ ಒಬ್ಬನೇ ಮೂರು ಸಲ ನೊಂದರೆ, ಅವಳನ್ನು ಅತಿಥಿಗಳ ಕಣ್ಣಿಗೆ ಬೀಳದ ಜಾಗಕ್ಕೆ ಕಳಿಸಬಹುದು. ನಮ್ಮಲ್ಲಿ ಅಂಥ ಜಾಗ ಒಂದೇ: ನೆಲಮಾಳಿಗೆಯಲ್ಲಿ, ಪಾತ್ರೆ ತೊಳೆಯುವ ಯಂತ್ರದ ಹಿಂದೆ. ಶುಕ್ರವಾರ ಡೆಮೊಯ್ನ್‌ನಲ್ಲಿರುವ ಮುಖ್ಯ ಕಚೇರಿಯಿಂದ ಕಂಪನಿಯ ಮೇಲಧಿಕಾರಿಣಿ ಬಂದು ತೀರ್ಮಾನಿಸುತ್ತಾಳೆ.

ಅರ್ಲೀನ್ ಕಾಗದವನ್ನು ಎರಡು ಸಲ ಓದಿದಳು. ಕೆಳಗೆ ಅಂಕ ಕೊಟ್ಟವನ ಹೆಸರೂ ಇತ್ತು.

“ಆ ಫ್ರೆಂಚ್ ಮರಿನಾ?” ಎಂದಳು. ಆಮೇಲೆ ಯಾರಿಗೂ ಅಲ್ಲದ ಹಾಗೆ ಕೇಳಿದಳು: “ಹತ್ತರಲ್ಲಿ ಮೂರು ಎಲ್ಲಿ ಹೋಯ್ತು?”

ಮಾರನೆಯ ದಿನ ಬೆಳಗ್ಗೆ ತಿಬೋ ತಟ್ಟೆ ಹಿಡಿದು ಕೌಂಟರಿನ ಮುಂದೆ ನಿಂತಾಗ ಅರ್ಲೀನ್ ಅವನನ್ನು ‘ಸರ್’ ಎಂದಳು. ಹಿಂದಿದ್ದ ಹುಡುಗಿಯೊಬ್ಬಳು ಏನೂ ತೆಗೆದುಕೊಳ್ಳದೆ ಮೆಲ್ಲಗೆ ಸೀರಿಯಲ್ ಡಬ್ಬಿಗಳ ಕಡೆ ಸರಿದಳು. ಅರ್ಲೀನ್ ಮೊಟ್ಟೆ ಒಡೆದಳು, ಮಗುಚಿದಳು, ತಟ್ಟೆಗೆ ಇಳಿಸಿದಳು. ಏನೂ ಕಡಿಮೆ ಮಾಡಲಿಲ್ಲ. ‘ಸರ್, ಇನ್ನೇನಾದ್ರೂ ಬೇಕಾ’ ಎಂದೂ ಕೇಳಿದಳು. ಹುಡುಗ ಆ ಆಮ್ಲೆಟ್ಟನ್ನು ತಿನ್ನದೆ ನೇರ ನನ್ನ ಬಳಿ ಬಂದ.

ನಾನು ಹೇಳಿದೆ. ಹೇಳಬಾರದಿತ್ತೇನೋ. ಅವನ ಕೈಯಲ್ಲಿದ್ದ ತಟ್ಟೆ ವಾಲಿತು; ಆಮ್ಲೆಟ್ಟು ಅಂಚಿನವರೆಗೆ ಜಾರಿ ನಿಂತಿತು.

“ಏಳು ಕೊಟ್ಟಿದೀನಿ ನಾನು,” ಎಂದ, ಬಹುಶಃ ನಾನು ಲೆಕ್ಕದಲ್ಲಿ ದಡ್ಡನಿರಬೇಕು ಎಂಬಂತೆ. “ಹತ್ತಕ್ಕೆ ಏಳು. ಅಂದ್ರೆ ಇಪ್ಪತ್ತಕ್ಕೆ ಹದಿನಾಲ್ಕು.”

ಆಮೇಲೆ ವಿವರಿಸಿದ. ಅವರ ಶಾಲೆಗಳಲ್ಲಿ ಅಂಕ ಇಪ್ಪತ್ತಕ್ಕಂತೆ. ಹತ್ತು ಬಂದರೆ ಪಾಸು, ಹನ್ನೆರಡು ಬಂದರೆ ಬೆನ್ನು ತಟ್ಟುತ್ತಾರೆ, ಹದಿನಾಲ್ಕು ಬಂದರೆ ಅಜ್ಜಿಗೆ ಫೋನು ಮಾಡುತ್ತಾರೆ. ಇಪ್ಪತ್ತು ದೇವರಿಗೆ ಮೀಸಲು. ಅವನ ತಾಯಿಯೇ ಅವನಿಗೆ ಗಣಿತದ ಟೀಚರು. ವರ್ಷವಿಡೀ ಹನ್ನೊಂದು ಕೊಟ್ಟಳಂತೆ. ಮನೆಗೆ ಬಂದು ಊಟ ಬಡಿಸುವಾಗ, ಪ್ರೀತಿಯಿಂದ ಒಂದು ಅಂಕ ಹೆಚ್ಚೇ ಕೊಟ್ಟಿದ್ದೇನೆ ಎಂದಳಂತೆ. ಇಷ್ಟು ಹೇಳಿ, ಅರ್ಲೀನಳಿಗಿಂತ ಹೆಚ್ಚು ಅಂಕವನ್ನು ತಾನು ಈವರೆಗೆ ಯಾರಿಗೂ ಕೊಟ್ಟಿಲ್ಲ ಎಂದು ಪ್ರಮಾಣ ಮಾಡಿದ.

“ನಿಮ್ಮಲ್ಲಿ ಅಜ್ಜಿಗೆ ಫೋನ್ ಮಾಡ್ತಾರೆ,” ಎಂದೆ ನಾನು. “ನಮ್ಮಲ್ಲಿ ನೆಲಮಾಳಿಗೆಗೆ ಕಳಿಸ್ತಾರೆ. ಶುಕ್ರವಾರದೊಳಗೆ ಏನಾದ್ರೂ ಮಾಡು.”

ಅವನು ಮಾಡಿದ. ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು.

ಒತ್ತಿದ ಅಂಕ ಬದಲಿಸಲು ಬರುವುದಿಲ್ಲ, ಬೇಕಾದರೆ ವಿವರಣೆ ಸೇರಿಸಬಹುದು ಎಂದು ಟ್ರಾಯ್ ಅವನಿಗೆ ಹೇಳಿದ. ತಿಬೋ ಗ್ರಂಥಾಲಯದಲ್ಲಿ ಇಡೀ ಮಧ್ಯಾಹ್ನ ಕೂತು ಆರು ಪುಟ ಬರೆದ. ಅವರ ಊರಿನಲ್ಲಿ ಯಾವುದನ್ನಾದರೂ ಗೌರವಿಸಬೇಕಾದರೆ ಅದರ ಬಗ್ಗೆ ಮೂರು ಭಾಗಗಳಲ್ಲಿ ಬರೆಯಬೇಕಂತೆ: ಮೊದಲು ಒಂದು ವಾದ, ಆಮೇಲೆ ಅದಕ್ಕೆ ಎದುರು ವಾದ, ಕೊನೆಗೆ ಎರಡನ್ನೂ ಮೀರಿದ ನಿಲುವು. ಅವನ ಮೊದಲ ಭಾಗದ ತಲೆಬರಹ, ‘ಅರ್ಲೀನರು ಮಾಡುವುದು ಆಮ್ಲೆಟ್ ಅಲ್ಲ’ ಎಂದು. ಎರಡನೆಯದು, ‘ಆದರೂ ಅದು ಆಮ್ಲೆಟ್ಟೇ’. ಮೂರನೆಯದರಲ್ಲಿ, ಮನೆಯಿಂದ ದೂರವಿರುವವನಿಗೆ ಆಮ್ಲೆಟ್ ಎಂದರೇನು ಎಂದು ವಿಚಾರಿಸಿ, ಅರ್ಲೀನಳನ್ನು ಮನುಕುಲದ ಉಪಕಾರಿಗಳ ಸಾಲಿಗೆ ಸೇರಿಸಿದ್ದ. ನಾನು ಓದಿದ್ದೇನೆ. ಮೂರನೆಯ ಭಾಗ ಓದಿ ಮೂಗು ಸೀಟಿಕೊಂಡಿದ್ದೇನೆ.

ಕಂಪನಿಯ ಕಂಪ್ಯೂಟರಿನ ಖಾನೆಯಲ್ಲಿ ಸಾವಿರ ಅಕ್ಷರಕ್ಕಷ್ಟೇ ಜಾಗವಿತ್ತು. ಮೊದಲ ಭಾಗವೂ ಪೂರ್ತಿ ಹಿಡಿಯಲಿಲ್ಲ. ‘ಅರ್ಲೀನರು ಮಾಡುವುದು ಆಮ್ಲೆಟ್ ಅಲ್ಲ. ಅದು ಹೆದರಿದ ಮೊಟ್ಟೆ’ ಎಂಬಲ್ಲಿಂದ ಶುರುವಾಗಿ, ಚೀಸಿನ ಬಣ್ಣದ ಬಗ್ಗೆ ಒಂದು ವಾಕ್ಯದ ನಡುವೆ ನಿಂತುಹೋಯಿತು. ಅದು ದೂರಿನ ಜೊತೆ ನಾಲ್ಕನೆಯ ಪುರಾವೆಯಾಗಿ ಡೆಮೊಯ್ನ್ ಸೇರಿತು. ಒಂದು ಪ್ರತಿ ಅರ್ಲೀನಳ ಕೈಗೂ ಬಂತು. ಅವಳು ‘ಹೆದರಿದ ಮೊಟ್ಟೆ’ ಎಂದು ಮೆಲ್ಲಗೆ ಓದಿ, ಕಾಗದವನ್ನು ಏಪ್ರನ್ ಜೇಬಿನಲ್ಲಿ ಮಡಿಸಿಟ್ಟುಕೊಂಡಳು. ಬುಧವಾರ ಬೆಳಗ್ಗೆ ಅವಳ ಮೊಟ್ಟೆಗಳು ನಿಜಕ್ಕೂ ಸ್ವಲ್ಪ ಹೆದರಿದ ಹಾಗೆಯೇ ಇದ್ದವು.

ಮಂಗಳವಾರ ಸಂಜೆಗೇ ಸುದ್ದಿ ಹಾಸ್ಟೆಲ್ ಮುಟ್ಟಿತ್ತು. ನಮ್ಮ ಮಕ್ಕಳು ಬೈಯುವುದಿಲ್ಲ, ಸಭೆ ಕರೆಯುತ್ತಾರೆ. ತಿಬೋನ ಮಹಡಿಯ ಮೂವತ್ತು ಜನ ಕಾರ್ಪೆಟ್ಟಿನ ಮೇಲೆ ವೃತ್ತಾಕಾರವಾಗಿ ಕೂತರು. ಹತ್ತಿ ತುಂಬಿದ ಹಂದಿಮರಿಯೊಂದನ್ನು ಕೈಯಿಂದ ಕೈಗೆ ದಾಟಿಸಿದರು. ಹಂದಿ ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತಾಡಬೇಕು. ಒಬ್ಬಳು ತನಗೆ ನೋವಾಗಿದೆ ಎಂದಳು. ಇನ್ನೊಬ್ಬ, ತನಗೆ ನೋವಾಗಿಲ್ಲ, ಆದರೆ ಅವಳ ನೋವಿಗೆ ತನ್ನ ಬೆಂಬಲವಿದೆ ಎಂದ. ಹಂದಿ ತಿಬೋನ ಮಡಿಲಿಗೆ ಬಂದಾಗ, ಅಮೆರಿಕದ ಬಗ್ಗೆ ಒಂದು ಒಳ್ಳೆಯ ಮಾತು ಹೇಳೆಂದು ಕೇಳಿದರು. ಅವನು ನಾಲ್ಕು ನಿಮಿಷ ಯೋಚಿಸಿದ. ಆ ನಾಲ್ಕು ನಿಮಿಷವೇ ಅವನನ್ನು ಮುಳುಗಿಸಿತು. ಮರುದಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಯವರು ಕರೆಸಿ, ನಿನಗೆ ಇಲ್ಲಿ ಕ್ಷೇಮವೆನಿಸುತ್ತಿದೆಯೇ ಎಂದು ಕೇಳಿದರು. ಹೌದೆಂದ. ‘ಹೌದೆನ್ನುತ್ತಾನೆ’ ಎಂದು ಬರೆದುಕೊಂಡರು.

ಅವನ ರೂಮಿನ ಜೊತೆಗಾರ ಕೋಲ್ಟನ್. ನೆಬ್ರಾಸ್ಕದ ಹುಡುಗ, ಪ್ರತಿದಿನ ಬೆಳಗ್ಗೆ ಅರ್ಲೀನಳ ಕೈಯಿಂದ ಆರು ಮೊಟ್ಟೆ ತಿನ್ನುವವನು. ಅವರಿಬ್ಬರ ಮಾತು ಸಭೆಯ ಸಂಜೆಯೇ ನನ್ನ ಸ್ಟೂಲಿನ ಮುಂದೆ ನಡೆದಿತ್ತು.

“ಒಂದು ಗುಂಡಿ ಕಣೋ ಗುರೂ,” ಎಂದ ಕೋಲ್ಟನ್. “ಹತ್ತು. ಒತ್ತಿದ್ರೆ ನಿನ್ನ ಬೆರಳು ಸವೀತಿತ್ತಾ?”

“ಹತ್ತು ಅಂದ್ರೆ ಇನ್ನು ಕಲಿಯೋದು ಏನೂ ಉಳಿದಿಲ್ಲ ಅಂತ. ಅದನ್ನ ಸತ್ತವರಿಗೆ ಕೊಡಬೇಕು.”

“ನಮ್ಮಮ್ಮ ನಾನು ಹಲ್ಲುಜ್ಜಿದ್ರೂ ಹತ್ತು ಕೊಡ್ತಾಳೆ.”

“ಅದಕ್ಕೇ ನೀನು ಹಾಗೆ ಉಜ್ಜೋದು,” ಎಂದ ತಿಬೋ.

ಕೋಲ್ಟನ್ ಅವನನ್ನು ಬಿಟ್ಟು ತಾನೇ ಕಾರ್ಯಕ್ಕಿಳಿದ. ಬುಧವಾರ ಬೆಳಗ್ಗೆ ಏಳರಿಂದ ಒಂಬತ್ತರೊಳಗೆ ಅರ್ಲೀನಳ ಹೆಸರಿಗೆ ನಾನೂರ ಹನ್ನೆರಡು ಹತ್ತುಗಳು ಬಿದ್ದವು. ಇಡೀ ಮೆಸ್ಸು ಚಪ್ಪಾಳೆ ತಟ್ಟಿತು. ಅದರಲ್ಲಿ ಹನ್ನೊಂದು ನನ್ನವು. ಕೈಗೆ ಸಿಗುವಷ್ಟು ಹತ್ತಿರ ಇತ್ತು, ಏನು ಮಾಡಲಿ. ಮಧ್ಯಾಹ್ನ ಟ್ರಾಯ್ ಬಂದು, ಮಕ್ಕಳ ಒಗ್ಗಟ್ಟನ್ನು ಹೊಗಳಿದ, ಹವಾಮಾನವನ್ನು ಹೊಗಳಿದ, ನಡುವೆ ಇದನ್ನು ಹೇಳಿದ: ನಾನೂರು ಮಂದಿ ಎರಡು ಗಂಟೆಯಲ್ಲಿ ಸಂತೋಷಪಡುವುದು ಅಸಹಜ ಎಂದು ಕಂಪ್ಯೂಟರು ಅನುಮಾನಪಟ್ಟಿದೆ. ಮೋಸವಿರಬಹುದೆಂದು ಈ ತಿಂಗಳ ಹತ್ತುಗಳನ್ನೆಲ್ಲ ಅಳಿಸಿಹಾಕಿದೆ. ಒತ್ತುವ ಮುನ್ನ ಯೋಚಿಸಿದ ಗುರುತು ಇರುವ ಅಂಕಗಳನ್ನು ಮಾತ್ರ ಇಟ್ಟುಕೊಂಡಿದೆ.

ಹಾಗೆ ಉಳಿದದ್ದು ಮೂರು. ಮೂರೂ ತಿಬೋನವು.

ಟ್ರಾಯ್ ಹೋಗುವ ಮುನ್ನ, ಶುಕ್ರವಾರ ಬರುವಾಕೆ ತನ್ನ ಜೊತೆ ಒಂದು ಯಂತ್ರದ ಚಿತ್ರಪಟವನ್ನೂ ತರುತ್ತಾಳೆ ಎಂದ. ಡಬ್ಬಿಯಿಂದ ಮೊಟ್ಟೆ ತಾನೇ ಸುರಿದು ತಾನೇ ಮಡಿಸುವ ಯಂತ್ರವಂತೆ. ಇದನ್ನು ಹೊಗಳಿಕೆಯೊಳಗೆ ಸುತ್ತಲು ಅವನಿಗೆ ಬೇರೇನೂ ಸಿಗಲಿಲ್ಲವೋ ಏನೋ, ಬರೀ ಹಾಗೇ ಹೇಳಿ ನಿಂತ. ಅದಕ್ಕೇ ನನಗೆ ಭಯವಾಯಿತು.

ಗುರುವಾರ ಕೌಂಟರು ಮುಚ್ಚಿದ ಮೇಲೆ ಅರ್ಲೀನ್ ತಿಬೋನನ್ನು ಕಾವಲಿಯ ಹಿಂದಕ್ಕೆ ಕರೆದಳು. ಅವನು ಶಿಕ್ಷೆಗೆ ಹೋಗುವವನಂತೆ ಹೋದ. ನಾನು ಸಾಕ್ಷಿಗೆಂದು ಹಿಂದೆ ಹೋದೆ, ಯಾರೂ ಕರೆದಿರಲಿಲ್ಲ.

“ಮೂರು ಎಲ್ಲಿ ಹೋಯ್ತು ಹೇಳು,” ಎಂದಳು.

“ಮೇಡಂ, ಅದು ನಮ್ಮ ದೇಶದ ಪದ್ಧತಿ...”

“ದೇಶ ಬಿಡು. ನಂದು ಹೇಳು.”

ತಿಬೋ ನನ್ನ ಮುಖ ನೋಡಿದ. ನಾನು ಛಾವಣಿ ನೋಡಿದೆ. ಸುಳ್ಳು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ಬೆರಳು ಮಡಿಸಿದ: ಒಂದು ಆ ಚೀಸಿಗೆ ಹೋಯಿತು. ಇನ್ನೊಂದು, ಕಾವಲಿ ವಿಪರೀತ ಕಾದಿದ್ದಕ್ಕೆ. ಹೊರಗೆ ಕಂದು, ಒಳಗೆ ರಬ್ಬರು. ಮೂರನೆಯ ಬೆರಳಿಗೆ ಬಂದು ನಿಂತ.

“ಅದು ನಾವು ಯಾರಿಗೂ ಕೊಡಲ್ಲ,” ಎಂದ.

ಅರ್ಲೀನ್ ಗೋಡೆಯ ಮೇಲಿನ ಏಪ್ರನ್ ತೆಗೆದು ಅವನ ಎದೆಗೆ ಎಸೆದಳು. ತಲೆಗೆ ಹಾಕುವ ಬಲೆ ಕೊಟ್ಟಳು. ಮೂರು ಮೊಟ್ಟೆ ಮುಂದಿಟ್ಟು, ಮಾಡು ಎಂದಳು.

ಮಾಡಿದ. ಒಂದು ಮೊಟ್ಟೆ ಕಾವಲಿಯ ಹೊರಗೇ ಒಡೆಯಿತು. ಉಳಿದೆರಡು ಕಾವಲಿಗೆ ಅಂಟಿಕೊಂಡವು. ಸಟ್ಟುಗದಿಂದ ಕೆರೆದು ಎತ್ತಿದಾಗ ಒಂದು ಕಡೆ ಕರಕಲು, ಇನ್ನೊಂದು ಕಡೆ ಇನ್ನೂ ಕೋಳಿಯ ನೆನಪು. ಅರ್ಲೀನ್ ಒಂದು ತುತ್ತು ತಿಂದಳು. ನಿಧಾನವಾಗಿ ಅಗಿದಳು.

“ಹತ್ತು,” ಎಂದಳು.

ಹುಡುಗನ ಮುಖ ಕಪ್ಪಿಟ್ಟಿತು. ಕೆನ್ನೆಗೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. “ನನ್ನನ್ನ ಅಷ್ಟೊಂದು ಕೀಳಾಗಿ ನೋಡ್ತೀರಾ?” ಎಂದ.

“ಇಪ್ಪತ್ತೆರಡು ವರ್ಷದಿಂದ ಎಲ್ಲಾ ಮಕ್ಕಳಿಗೂ ಹತ್ತೇ ಹೇಳ್ಕೊಂಡು ಬಂದಿದೀನಿ ಮರಿ. ಮನೆ ಬಿಟ್ಟು ಬಂದವು, ಇನ್ನೇನು ಹೇಳಲಿ.”

“ನಿಜ ಹೇಳಿ.”

ಅರ್ಲೀನ್ ಇನ್ನೊಂದು ತುತ್ತು ಬಾಯಿಗಿಟ್ಟು, ಬೇಡವೆನಿಸಿ, ಚಮಚ ಕೆಳಗಿಟ್ಟಳು. “ಎರಡು.”

ಆಗಸ್ಟಿನಿಂದ ಮೊದಲ ಸಲ ತಿಬೋನ ಮುಖ ಅರಳಿದ್ದನ್ನು ನಾನು ಕಂಡೆ. “ಎರಡು ಯಾತಕ್ಕೆ?”

“ಒಂದು, ನೆಲಕ್ಕೆ ಬಿದ್ದ ಮೊಟ್ಟೇನ ನೀನೇ ಒರೆಸಿದ್ದಕ್ಕೆ. ಇನ್ನೊಂದು, ತಲೆ ಬಲೆ ನೆಟ್ಟಗೆ ಹಾಕಿದ್ದಕ್ಕೆ.”

ಅವರಿಬ್ಬರೂ ಅಲ್ಲೇ ನಿಂತು ಇನ್ನೂ ಎಂಟು ಮೊಟ್ಟೆ ಹಾಳುಮಾಡಿದರು. ಕೊನೆಯದಕ್ಕೆ ಅವನಿಗೆ ಮೂರೂವರೆ ಬಂತು. ಮೂರೂವರೆ ಎಂದು ಹೇಳಿಕೊಂಡೇ ಹೊರಗೆ ಹೋದ. ಮರುದಿನ ಬೆಳಗ್ಗೆ ಏನಾಗಬೇಕಿದೆ ಎನ್ನುವುದನ್ನು ಇಬ್ಬರೂ ಮರೆತಂತಿತ್ತು. ನಾನು ಮರೆತಿರಲಿಲ್ಲ.

ಶುಕ್ರವಾರ ಏಳೂಕಾಲಿಗೆ ಕಂಪನಿಯ ಮೇಲಧಿಕಾರಿಣಿ ಜೆನಿನ್ ಪ್ರುಯಿಟ್ ಬಂದಳು. ಬೂಟಿನ ಹಿಮ ಕೊಡವಿಕೊಳ್ಳಲಿಲ್ಲ. ಕತ್ತಲಲ್ಲೇ ಹೊರಟು ಬಂದಿದ್ದಳು, ಹತ್ತಕ್ಕೆ ಇನ್ನೊಂದು ಕಾಲೇಜಿನಲ್ಲಿರಬೇಕಿತ್ತು. ನಾನು ಕಾರ್ಡು ಕೇಳಿದೆ; ನೋಡಿದ ನೋಟಕ್ಕೆ ಕಾರ್ಡು ಬೇಡವೆನಿಸಿತು. ಕಂಬದಿಂದ ಟ್ಯಾಬನ್ನು ಕಳಚಿಕೊಂಡು ನಡುವಿನ ಟೇಬಲ್ಲಿಗೆ ಹೋಗಿ ಕೂತಳು. ತಿಬೋನನ್ನು ಎದುರಿಗೆ ಕೂರಿಸಿದಳು. ನಿಯಮ ಹೀಗಿತ್ತು: ನೊಂದ ಅತಿಥಿಗೆ ಅದೇ ನೌಕರಳಿಂದ ಅದೇ ತಿಂಡಿಯನ್ನು ಮತ್ತೊಮ್ಮೆ ಬಡಿಸಬೇಕು, ತಿಂದು ಅವನು ಹೊಸ ಅಂಕ ಕೊಡಬೇಕು, ಅದೇ ಅಂತಿಮ.

ಅರ್ಲೀನ್ ಮೊಟ್ಟೆ ಒಡೆದಳು. ಕಾವಲಿ ಹೊಗೆಯಾಡುತ್ತಿತ್ತು. ಕಿತ್ತಳೆ ಚೀಸನ್ನು ಎಂದಿಗಿಂತ ಒಂದು ಹಿಡಿ ಜಾಸ್ತಿಯೇ ಹಾಕಿದಳು. ಇವಳಿಗೇನು ಹಟ ಎಂದು ನಾನು ಹಲ್ಲು ಕಚ್ಚಿದೆ.

ತಿಬೋ ತಿನ್ನಲು ಶುರು ಮಾಡಿದ. ಅವನು ತಿನ್ನುವ ವೇಗ ನಿಮಗೆ ಗೊತ್ತಿಲ್ಲ. ಒಂದು ತುತ್ತು ಕೊಯ್ಯುವುದು, ನೋಡುವುದು, ತಿನ್ನುವುದು, ಚಾಕು ಕೆಳಗಿಡುವುದು. ಎಂಟು ಗಂಟೆಯ ತರಗತಿಗಳಿಗೆ ಗಂಟೆ ಬಾರಿಸಿತು, ಯಾರೂ ಏಳಲಿಲ್ಲ. ಇನ್ನೂರು ಮಕ್ಕಳು ಉಸಿರು ಹಿಡಿದು ಒಬ್ಬ ಹುಡುಗ ಅಗಿಯುವುದನ್ನು ನೋಡಿದರು. ಕೋಲ್ಟನ್ ತನ್ನ ಆರು ಮೊಟ್ಟೆಯನ್ನು ಮುಟ್ಟಿರಲಿಲ್ಲ. ಟ್ಯಾಬಿನ ಪರದೆ ಎರಡು ಸಲ ಕಪ್ಪಾಯಿತು. ಜೆನಿನ್ ಎರಡು ಸಲ ತಟ್ಟಿ ಎಬ್ಬಿಸಿದಳು. ಮೂವತ್ತೆಂಟನೆಯ ನಿಮಿಷಕ್ಕೆ ತಿಬೋ ಆ ಬ್ರೆಡ್ಡಿನ ಚೂರಿನಿಂದ ತಟ್ಟೆ ಒರೆಸಿದ, ಚೂರನ್ನೂ ತಿಂದ, ಬಾಯಿ ಒರೆಸಿಕೊಂಡ. ಬೆರಳು ಎತ್ತಿದ.

ಬೆರಳು ಏಳರ ಮೇಲೆ ಹೋಗಿ ನಿಂತಿತು. ಯಾರೋ ನರಳಿದರು. ಬೆರಳು ಎಂಟಕ್ಕೆ ಸರಿಯಿತು. ಒಂಬತ್ತರ ಹತ್ತಿರ ಹೋಗಿ ಹಿಂದೆ ಬಂತು. ಅವನ ಹಣೆಯಿಂದ ಬೆವರು ಮೂಗಿನ ತುದಿಗೆ ಬಂದು ನಿಂತಿತ್ತು. ಕಣ್ಣು ಮುಚ್ಚಿ ಹತ್ತು ಒತ್ತಿದ.

ಪರದೆಯ ಮೇಲೆ ಬಣ್ಣದ ಬಲೂನುಗಳು ಹಾರಿದವು. ಮೆಸ್ಸಿನಲ್ಲಿ ಕಿರುಚಾಟ. ತಿಬೋ ಮಾತ್ರ ತನ್ನ ಬೆರಳನ್ನು ನೋಡುತ್ತ ಕೂತಿದ್ದ. ಲಿಮೋಜ್‌ನಲ್ಲಿ ಅವನ ತಾಯಿ ಆ ಗಳಿಗೆಯಲ್ಲಿ ಬೆಚ್ಚಿಬಿದ್ದಿರಬೇಕು.

ಜೆನಿನ್ ಗಡಿಯಾರ ನೋಡಿಕೊಂಡು ಅರ್ಲೀನಳನ್ನು ಟೇಬಲ್ಲಿಗೆ ಕರೆದಳು. ದೂರು ಮುಗಿಯಿತು, ಅಭಿನಂದನೆ ಎಂದಳು. ದಾಖಲೆ ಶುದ್ಧವಾದ್ದರಿಂದ ಇನ್ನು ಅರ್ಲೀನಳಿಗೆ ಬಡ್ತಿ ಕೊಡಲು ಅಡ್ಡಿಯಿಲ್ಲ ಎಂದಳು. ಜನವರಿಯಲ್ಲಿ ಕೌಂಟರಿಗೆ ಯಂತ್ರ ಬರುತ್ತದೆ. ಅರ್ಲೀನ್ ಕೆಳಗೆ, ಪಾತ್ರೆ ವಿಭಾಗದ ಮೇಲ್ವಿಚಾರಕಿ. ಹೊಸ ಹೆಸರಿನ ಪಟ್ಟಿ ಕೂಡ ಸಿಗುತ್ತದೆ.

ಬಲೂನುಗಳು ಇನ್ನೂ ಹಾರುತ್ತಿದ್ದವು. ಹತ್ತು ಬಂದರೂ ನೆಲಮಾಳಿಗೆ, ಏಳು ಬಂದರೂ ನೆಲಮಾಳಿಗೆ. ತಿಬೋ ಎದ್ದು ನಿಂತ, ಮತ್ತೆ ಕೂತ.

“ಇಲ್ಲೊಂದು ಕಡೆ ತುಂಬಿಬಿಡಿ, ಮುಗೀತು,” ಎಂದು ಜೆನಿನ್ ಟ್ಯಾಬನ್ನು ಅರ್ಲೀನಳ ಕಡೆ ತಿರುಗಿಸಿದಳು. ವರ್ಷಕ್ಕೊಮ್ಮೆ, ಮತ್ತೆ ಬಡ್ತಿಗೆ ಮುನ್ನ, ನೌಕರರು ತಮಗೆ ತಾವೇ ಅಂಕ ಕೊಟ್ಟುಕೊಳ್ಳುವ ಖಾನೆ. ಯಾರೂ ಓದುವುದಿಲ್ಲ, ಎಲ್ಲರೂ ಹತ್ತು ಹಾಕುತ್ತಾರೆ. ನಾನೇ ಹತ್ತೊಂಬತ್ತು ಸಲ ಹಾಕಿದ್ದೇನೆ.

ಅರ್ಲೀನ್ ಏಪ್ರನ್ನಿಗೆ ಕೈ ಒರೆಸಿಕೊಂಡಳು. ನಿಂತು ಯೋಚಿಸಿದಳು. ಏಳು ಒತ್ತಿದಳು.

ಕೈ ತಪ್ಪಿರಬೇಕು ಎಂದಳು ಜೆನಿನ್. ತಪ್ಪಿಲ್ಲ ಎಂದಳು ಅರ್ಲೀನ್.

“ಅರ್ಲೀನ್, ಹತ್ತು ಒತ್ತಿ,” ಎಂದ ತಿಬೋ. ಅವನ ದನಿ ಒಡೆದಿತ್ತು. “ಬೆರಳೇನೂ ಸವೆಯಲ್ಲ. ನಾನೇ ಒತ್ತಿದೀನಿ, ನೋಡಿ.”

“ನೋಡಿದೆ ಮರಿ. ಎಷ್ಟು ಬೆವತೆ ಅಂತಾನೂ ನೋಡಿದೆ. ನಂಗೋಸ್ಕರ ಒಬ್ಬರು ಸುಳ್ಳು ಹೇಳಿದ್ರೆ ಸಾಕು.” ಆಮೇಲೆ ಜೆನಿನ್ ಕಡೆ ತಿರುಗಿದಳು. “ಚೀಸು ಸರಿ ಇಲ್ಲ. ಕಾವಲಿ ಕಾವು ಇನ್ನೂ ನಂಗೆ ಹಿಡಿತಕ್ಕೆ ಸಿಕ್ಕಿಲ್ಲ. ಏಳು.”

ಆಗ ಟ್ರಾಯ್ ಕೆಮ್ಮಿದ. ಅವನು ಅಲ್ಲಿದ್ದಾನೆಂದೇ ನಮಗೆ ಮರೆತಿತ್ತು. ಯಾರನ್ನೂ ಹೊಗಳದೆ, ಯಾವ ಪೀಠಿಕೆಯೂ ಇಲ್ಲದೆ, ಅವನು ತನ್ನ ಜನ್ಮದಲ್ಲೇ ಎರಡನೆಯ ಬಾರಿಗೆ ಒಂದು ನೇರ ಮಾತು ಆಡಿದ.

“ಒಂಬತ್ತಕ್ಕಿಂತ ಕಮ್ಮಿ ಹಾಕ್ಕೊಂಡ ನೌಕರರು ಸುಧಾರಿಸೋ ತನಕ ಅದೇ ಜಾಗದಲ್ಲಿ ಇರಬೇಕು. ಕದಲಿಸೋ ಹಾಗಿಲ್ಲ. ಕಂಪನಿ ನಿಯಮ, ಮೂವತ್ತೊಂದನೇ ಪುಟ.”

ಜೆನಿನ್ ಮೂವತ್ತೊಂದನೆಯ ಪುಟ ತೆಗೆದಳು. ಓದಿದಳು. ಈ ನಿಯಮವನ್ನು ಇದುವರೆಗೆ ಯಾರೂ ಬಳಸಿರಲಿಲ್ಲ, ಏಕೆಂದರೆ ಇಡೀ ದೇಶದಲ್ಲಿ ತನಗೆ ತಾನೇ ಏಳು ಕೊಟ್ಟುಕೊಂಡ ನೌಕರ ಕಂಪನಿಗೆ ಸಿಕ್ಕಿರಲಿಲ್ಲ. ಅವಳು ಹಣೆ ಒತ್ತಿಕೊಂಡಳು. ಬೆಳಗಿನಿಂದ ಏನೂ ತಿಂದಿಲ್ಲವೆಂದು ನನಗೆ ದೂರದಿಂದಲೇ ಗೊತ್ತಾಯಿತು. ಹತ್ತೊಂಬತ್ತು ವರ್ಷದ ಅನುಭವ. ಅರ್ಲೀನಳಿಗೂ ಗೊತ್ತಾಗಿರಬೇಕು. ಕಾವಲಿಯ ಕಡೆ ಹೋಗಿ, ಕಾವು ಇಳಿಸಿ, ಒಂದು ತಟ್ಟೆ ತಂದು ಅವಳ ಮುಂದಿಟ್ಟಳು.

ಮೆಸ್ಸುಗಳನ್ನು ಅಳೆದು ತೂಗುವ ಆ ಹೆಂಗಸು ಮೆಸ್ಸಿನಲ್ಲಿ ತಿಂದೇ ಇರಲಿಲ್ಲವೋ ಏನೋ. ಮೊದಲ ತುತ್ತಿಗೆ ಪೆನ್ನು ಕೆಳಗಿಟ್ಟಳು. ನಾಲ್ಕನೆಯ ತುತ್ತಿಗೆ ಕೋಟು ಬಿಚ್ಚಿದಳು.

“ಇದು ಏಳಾ?” ಎಂದಳು.

“ಏಳು,” ಎಂದರು ತಿಬೋ ಮತ್ತು ಅರ್ಲೀನ್ ಒಟ್ಟಿಗೆ.

ಜೆನಿನ್ ಇನ್ನೊಂದು ತುತ್ತು ತಿಂದು ಟ್ಯಾಬಿನ ಕಡೆ ನೋಡಿದಳು. ‘ಸುಧಾರಣೆಗೆ ಬೇಕಾದ ಅವಧಿ’ ಎಂಬ ಖಾನೆ ಖಾಲಿ ಇತ್ತು. ಎಷ್ಟು ಬರೆಯಲಿ ಎಂದು ಕೇಳಿದಳು.

ಅರ್ಲೀನ್ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅವಳ ನಿವೃತ್ತಿಗೆ ಎಷ್ಟಿದೆಯೆಂದು ನನಗೆ ಗೊತ್ತಿತ್ತು. “ನಾಲ್ಕು ವರ್ಷ ಎರಡು ತಿಂಗಳು,” ಎಂದಳು. “ನಾನು ಸ್ವಲ್ಪ ನಿಧಾನ.”

ಜೆನಿನ್ ಬರೆದಳು. ಖಾನೆ ತಕರಾರು ಮಾಡದೆ ಒಪ್ಪಿಕೊಂಡಿತು. ಯಂತ್ರದ ಚಿತ್ರಪಟವನ್ನು ಮಡಿಸಿ ಚೀಲದೊಳಗಿಟ್ಟಳು. ಹತ್ತಕ್ಕೆ ಇನ್ನೊಂದು ಕಾಲೇಜಿನಲ್ಲಿರಬೇಕಾದವಳು ಗಡಿಯಾರ ನೋಡಿದಳು, ಮತ್ತೆ ನೋಡಿದಳು, ಆಮೇಲೆ ಖಾಲಿ ತಟ್ಟೆಯನ್ನು ಅರ್ಲೀನಳ ಕಡೆ ಚಾಚಿದಳು.

“ಇನ್ನೊಂದು ಸಿಗುತ್ತಾ?” ಎಂದಳು. “ಈ ಸಲ ಎಂಟಾದ್ರೂ ಬರೋ ಹಾಗೆ ಮಾಡಿ.”